ಗೆರೆ ಹೊಡೆಸಿದ ಸಾಲು

ಹೋದ ಫೆಬ್ರುವರಿಯಲ್ಲಿ ಮಿರಜದ ಡಾಕ್ಟರೊಬ್ಬರು ನನ್ನ ಸಣ್ಣ ಕರುಳಿನಿಂದ ನುಚ್ಚಕ್ಕಿಯಷ್ಟು ಚೂರೊಂದನ್ನು ತೆಗೆದು, ಫಾರ್ಮಲಿನ್ ತುಂಬಿದ ಪುಟ್ಟ ಬಾಟಲಿಯಲ್ಲಿ ಹಾಕಿ, ನನ್ನ ಕೈಗೇ ಕೊಟ್ಟರು. ಅದನ್ನು ಪರೀಕ್ಷಿಸುವ ಲ್ಯಾಬು ಎರಡು ಓಣಿ ಆಚೆಗಿತ್ತು. ಮಗ ರಿಕ್ಷಾ ಕರೆಯುತ್ತೇನೆಂದ. ಬೇಡವೆಂದು ನಡೆದೇ ಹೊರಟೆ. ಬಾಟಲಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ನಾಲ್ಕು ಹೆಜ್ಜೆ ಹಾಕುವುದರೊಳಗೆ ಆ ವಾಸನೆ ಮೂಗಿಗೆ ಹತ್ತಿ ಕಣ್ಣು ಉರಿದವು. ಮೂವತ್ತೊಂದು ವರ್ಷ ಜೀವಶಾಸ್ತ್ರ ಕಲಿಸಿದವನಿಗೆ ಅದು ಹೊಸದಲ್ಲ. ಕಪ್ಪೆ, ಜಿರಲೆ, ಎರೆಹುಳುಗಳ ಜಾಡಿಗಳ ನಡುವೆಯೇ ನನ್ನ ನೌಕರಿ ಮುಗಿದಿದೆ. ಆದರೆ ಆ ದಿನ ನೆನಪಾದದ್ದು ಜಾಡಿಗಳಲ್ಲ. ಕರುಳಿನ ಬಗ್ಗೆ ಬರೆದ ಒಂದು ಸಾಲು, ಆ ಸಾಲನ್ನು ಕರಿಹಲಗೆಯಿಂದ ಒರೆಸಿದ ಒಬ್ಬಳ ಕೈ. ರಸ್ತೆ ಬದಿಯ ಕಟ್ಟೆಯ ಮೇಲೆ ಕೂತುಬಿಟ್ಟೆ.

"ನೋವಾಗಾಕತ್ತೈತೇನು ಅಪ್ಪಾ?" ಎಂದ ಮಗ.

"ಹೊಟ್ಟಿ ಅಲ್ಲೋ" ಎಂದೆ. ಬಾಟಲಿಯ ಮುಚ್ಚಳ ಬಿಗಿ ಮಾಡಿ ಎದ್ದೆ.

ಕರುಳಿನ ವರದಿ ಆಮೇಲೆ ಬಂತು. ಸಾಧಾರಣ ಬಾವು, ಮಾತ್ರೆಯಿಂದ ಹೋಯಿತು. ನಾನು ಬರೆಯಲು ಕೂತಿರುವುದು ಇನ್ನೊಂದು ವರದಿಯ ಬಗ್ಗೆ. ಅದನ್ನು ಬರೆದವನು ನಾನೇ.

1998ರ ಜೂನ್‌ನಿಂದ ಮುಂದಿನ ಏಪ್ರಿಲ್‌ವರೆಗಿನ ಆ ವರ್ಷ ನಾನು ಗಡಿಯಾಚೆಯ ಜತ್ತ ತಾಲೂಕಿನ ಒಂದು ಜೂನಿಯರ್ ಕಾಲೇಜಿನಲ್ಲಿ ವಿಜ್ಞಾನ ವಿಭಾಗದ ಮುಖ್ಯಸ್ಥನಾಗಿದ್ದೆ. ಶೇಗಾಂವ, ಸನಮಡಿ, ಕುಣಿಕೋಣೂರಿನ ಮಕ್ಕಳು ಎಸ್.ಟಿ. ಬಸ್ಸಿನಲ್ಲಿ, ಸೈಕಲ್ಲಿನ ಮೇಲೆ ಬರುತ್ತಿದ್ದರು. ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ದಾಖಲಾತಿಗಾಗಿ ಮರಾಠಿಯಲ್ಲಿ ಅರ್ಜಿ ಬರೆದು, ಹನ್ನೊಂದಕ್ಕೆ ಬಂದೊಡನೆ ಇಂಗ್ಲಿಷ್ ಪುಸ್ತಕಕ್ಕೆ ಎದುರಾಗಬೇಕಾದ ಮಕ್ಕಳು. ಅವರಿಗಾಗಿ ನಾನೊಂದು ಪದ್ಧತಿ ಕಟ್ಟಿದ್ದೆ. ಪ್ರತಿ ಪಾಠಕ್ಕೂ ನನ್ನ ಕೈಯಿಂದ ಬರೆದ ಟಿಪ್ಪಣಿ. ಒಂದು ಸಾಲು ಇಂಗ್ಲಿಷ್, ಅದರ ಕೆಳಗೆ ಕನ್ನಡ. ನಾನು ಹೇಳುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು. ಶನಿವಾರ ಎಲ್ಲರ ವಹಿಗಳೂ ನನ್ನ ಮೇಜಿಗೆ ಬರಬೇಕು. ಒಂದು ಅಕ್ಷರ ಬೇರೆಯಾಗಿದ್ದರೆ ಒಂದು ಕೆಂಪು ಚುಕ್ಕಿ. ಐದು ಚುಕ್ಕಿಗೆ ಇಡೀ ಪುಟ ಮತ್ತೆ ಬರೆಯಬೇಕು. ಈ ಶಿಸ್ತಿನಿಂದಲೇ ನಮ್ಮ ಮಕ್ಕಳು ಬೋರ್ಡಿನ ಪರೀಕ್ಷೆಯಲ್ಲಿ ಸಾಂಗಲಿಯ ಮಕ್ಕಳಿಗೆ ಸಮನಾಗಿ ನಿಲ್ಲುತ್ತಿದ್ದರು. ಅದು ಸುಳ್ಳಲ್ಲ. ನನ್ನ ಹೆಮ್ಮೆಗೆ ಕಾರಣವಿತ್ತು.

ಹನ್ನೆರಡನೆಯ ತರಗತಿಯಲ್ಲಿ ಒಂದು ಪಾಠ ನನಗೆ ವಿಶೇಷ ಪ್ರೀತಿಯದು. ಜೀವಕೋಶದ ನಡುವೆ ಡಿಎನ್‌ಎ ಎಂಬ ಮೂಲಪ್ರತಿ ಇರುತ್ತದೆ. ಅದರಿಂದ ಸಂದೇಶವಾಹಕ ಆರ್‌ಎನ್‌ಎ ಎಂಬ ನಕಲು ತಯಾರಾಗಿ ಹೊರಗೆ ಬರುತ್ತದೆ. ಆ ನಕಲನ್ನು ಓದಿ ಜೀವಕೋಶ ಪ್ರೋಟೀನ್ ಕಟ್ಟುತ್ತದೆ. ಇದನ್ನು ಹೇಳುವಾಗ ಪ್ರತಿ ವರ್ಷವೂ ನಾನು ಕೊಡುತ್ತಿದ್ದ ಉದಾಹರಣೆ ಒಂದೇ: "ನಾನು ಮೂಲಪ್ರತಿ. ನಿಮ್ಮ ವಹಿ ಸಂದೇಶವಾಹಕ. ಮೂಲದಾಗ ಇದ್ದದ್ದು ನಕಲಿನ್ಯಾಗ ಇರಬೇಕು. ಒಂದು ಅಕ್ಷರ ಬದಲಾಗಂಗಿಲ್ಲ." ಮಕ್ಕಳು ನಗುತ್ತಿದ್ದರು. ಪಾಠ ತಲೆಯಲ್ಲಿ ಕೂರುತ್ತಿತ್ತು.

ಆ ಜೂನ್‌ನಲ್ಲಿ ನಸೀಮಾ ಅತ್ತಾರ ಬಂದಳು. ಜತ್ತ ಬಜಾರಿನಲ್ಲಿ ಬಳೆ, ಹಣೆಯ ಟಿಕಳಿ, ಅತ್ತರು ಮಾರುವವರ ಮಗಳು. ಕೊಲ್ಲಾಪುರದಲ್ಲಿ ಎಂ.ಎಸ್ಸಿ. ಮುಗಿಸಿದ್ದಳು. ತಾಸಿನ ಲೆಕ್ಕದ ಶಿಕ್ಷಕಿ, ಅಂದರೆ ತಾತ್ಕಾಲಿಕ. ಆದರೆ ಆ ವರ್ಷ ಒಂದು ಹುದ್ದೆ ಕಾಯಂ ಆಗುವುದಿತ್ತು. ಜನವರಿಯ ಕೊನೆಗೆ ಸಂಸ್ಥೆಯ ಕಮಿಟಿ ಕೂಡಿ ಆಕೆಯ ಹೆಸರನ್ನು ಮುಂದೆ ಕಳಿಸಬೇಕೋ ಬಾರದೋ ಎಂದು ತೀರ್ಮಾನಿಸುತ್ತದೆ, ಅದಕ್ಕೆ ವಿಭಾಗ ಮುಖ್ಯಸ್ಥನ ವರದಿ ಬೇಕು ಎಂದು ಪ್ರಿನ್ಸಿಪಾಲರು ನಮ್ಮಿಬ್ಬರಿಗೂ ಮೊದಲ ದಿನವೇ ಹೇಳಿದ್ದರು. ಪ್ರಿನ್ಸಿಪಾಲರು ಮರಾಠಿ ವಿಷಯದವರು. ವಿಜ್ಞಾನದಲ್ಲಿ ನಾನು ಹೇಳಿದ್ದೇ ಅವರಿಗೆ ಪ್ರಮಾಣ.

ನಸೀಮಾ ಕೆಲಸದಲ್ಲಿ ಚೊಕ್ಕ. ಆದರೆ ಆಕೆಯ ತರಗತಿಯಿಂದ ಗದ್ದಲ ಕೇಳುತ್ತಿತ್ತು. ಮಕ್ಕಳು ಪ್ರಶ್ನೆ ಕೇಳುತ್ತಿದ್ದರು. ಗೊತ್ತಿಲ್ಲದಿದ್ದರೆ "ನನಗೂ ಗೊತ್ತಿಲ್ಲ, ನಾಳಿ ನೋಡ್ಕೊಂಡು ಬರ್ತೀನಿ" ಎನ್ನುತ್ತಿದ್ದಳು. ಒಬ್ಬ ಶಿಕ್ಷಕ ಹಾಗೆ ಹೇಳಬಾರದೆಂದು ನನ್ನ ನಂಬಿಕೆಯಾಗಿತ್ತು. ದೀಪಾವಳಿ ರಜೆ ಮುಗಿಯುವ ಹೊತ್ತಿಗೆ, ನನ್ನ ಕೋಣೆಯ ಬಾಗಿಲಿಗೆ ಬಂದು ಶಂಕೆ ಕೇಳುತ್ತಿದ್ದ ಮಕ್ಕಳು ಆಕೆಯ ಮೇಜಿನ ಸುತ್ತ ನಿಲ್ಲತೊಡಗಿದ್ದರು. ನಾನದನ್ನು ಗಮನಿಸಿದ್ದೆ. ಗಮನಿಸಿಲ್ಲವೆಂಬಂತೆ ಇದ್ದೆ.

ಡಿಸೆಂಬರಿನ ಕೊನೆಯ ವಾರ ನಾನು ಒಂದು ತರಬೇತಿಗೆಂದು ಕೊಲ್ಲಾಪುರಕ್ಕೆ ಹೋಗಬೇಕಾಯಿತು. ನನ್ನ ತಾಸುಗಳನ್ನು ನಸೀಮಾಗೆ ಒಪ್ಪಿಸಿ, ಟಿಪ್ಪಣಿಯ ವಹಿ ಕೊಟ್ಟು, "ಇದರಾಗ ಇದ್ದಂಗ ಬರಸ್ರಿ" ಎಂದು ಹೇಳಿ ಹೋದೆ. ತಿರುಗಿ ಬಂದದ್ದು ಒಂದು ಶುಕ್ರವಾರ. ಶನಿವಾರ ವಹಿಗಳು ಮೇಜಿಗೆ ಬಂದವು. ಮೊದಲನೆಯದನ್ನು ತೆರೆದೆ. ನನ್ನ ಸಾಲಿತ್ತು: ನಕಲು ಮೂಲದಂತೆಯೇ ಇರುತ್ತದೆ. ಅದರ ಕೆಳಗೆ ನಾನು ಬರೆಸದ ಸಾಲೊಂದಿತ್ತು: ಆದರೆ ಮನುಷ್ಯನ ಸಣ್ಣ ಕರುಳಿನ ಜೀವಕೋಶಗಳಲ್ಲಿ, ನಕಲು ತಯಾರಾದ ಮೇಲೆ, ಅದರ ಒಂದು ಅಕ್ಷರವನ್ನು ಬದಲಿಸಲಾಗುತ್ತದೆ. ಎರಡನೆಯ ವಹಿಯಲ್ಲೂ ಅದೇ. ನಲವತ್ತೂ ವಹಿಗಳಲ್ಲಿ ಅದೇ.

ನಾನು ಆಕೆಯನ್ನು ನನ್ನ ಕೋಣೆಗೆ ಕರೆದು ಕೇಳಬಹುದಿತ್ತು. ಹಾಗೆ ಮಾಡಲಿಲ್ಲ. ವಹಿಗಳ ಗಂಟನ್ನು ಸಿಪಾಯಿಯ ಕೈಯಲ್ಲಿ ಹೊರಿಸಿ ನೇರವಾಗಿ ತರಗತಿಗೆ ಹೋದೆ. ಆಕೆ ಪಾಠ ಮಾಡುತ್ತಿದ್ದಳು. ರಮಜಾನ್ ತಿಂಗಳು. ಆಕೆ ರೋಜಾ ಇದ್ದಾಳೆಂಬುದು ನನಗೆ ಗೊತ್ತಿತ್ತು. ಆ ತಿಂಗಳಿಡೀ ಸ್ಟಾಫ್ ರೂಮಿನಲ್ಲಿ ನಮ್ಮ ಚಹಾದ ಹೊತ್ತಿಗೆ ಆಕೆ ಎದ್ದು ಲ್ಯಾಬಿಗೆ ಹೋಗುತ್ತಿದ್ದಳು.

"ಈ ಸಾಲು ಯಾರು ಬರಿಸಿದ್ರು?" ಎಂದೆ.

"ನಾನಽ ಬರಿಸೀನ್ರಿ ಸರ್. ಮಾಯಕ್ಕ ಕೇಳಿದ್ಲು, ಎಲ್ಲಾ ಜೀವಕೋಶದಾಗೂ ಮೂಲಪ್ರತಿ ಒಂದಽ ಅಂದ್ರ ಯಕೃತ್ತು, ಕರುಳು ಬ್ಯಾರೆ ಬ್ಯಾರೆ ಪ್ರೋಟೀನ್ ಹೆಂಗ ಮಾಡ್ತಾವು ಅಂತ. ಒಂದೊಂದು ಕಡೆ ಒಂದೊಂದು ಪುಟ ತೆಗೀತಾವು ಅಂತ ಹೇಳ್ದೆ. ಹೇಳೂ ಮುಂದ ಇದೂ ನೆನಪಾತು."

ಮಾಯಕ್ಕ ಸನಮಡಿಯ ಕುರುಬರ ಹುಡುಗಿ. ಅವರ ಮನೆಯವರು ವರ್ಷದ ಅರ್ಧ ಕುರಿ ಹಿಂಡಿನ ಜೊತೆ ಹೊರಗೇ ಇರುತ್ತಿದ್ದರು. ಅಜ್ಜಿಯ ಬಳಿ ಉಳಿದು ಓದುತ್ತಿದ್ದ ಅವಳ ಬಾಯಿ ಬಲು ಜೋರು.

"ಹಂಗಾದ್ರ ವಿವರಿಸ್ರಿ. ನಾನೂ ಕೇಳ್ತೀನಿ" ಎಂದು ಕೊನೆಯ ಬೆಂಚಿನಲ್ಲಿ ಕೂತೆ.

ಆಕೆ ಹಲಗೆಯ ಮೇಲೆ ಬರೆದು ಹೇಳಿದಳು. ಕೊಬ್ಬನ್ನು ರಕ್ತದಲ್ಲಿ ಹೊತ್ತೊಯ್ಯುವ ಒಂದು ಪ್ರೋಟೀನ್ ಇದೆ. ಅದರ ನಕಲು ಯಕೃತ್ತಿನಲ್ಲಿ ಕೊನೆಯವರೆಗೆ ಓದಿಸಿಕೊಳ್ಳುತ್ತದೆ, ಉದ್ದನೆಯ ಪ್ರೋಟೀನ್ ತಯಾರಾಗುತ್ತದೆ. ಕರುಳಿನಲ್ಲಿ ಅದೇ ನಕಲಿನ ನಡುವಿನ ಒಂದು ‘ಸಿ’ ಅಕ್ಷರ ‘ಯು’ ಆಗುತ್ತದೆ. ಸಿಎಎ ಇದ್ದದ್ದು ಯುಎಎ. ಆ ಮೂರಕ್ಷರದ ಅರ್ಥ, ಇಲ್ಲಿಗೆ ನಿಲ್ಲಿಸು. ಓದುವ ಯಂತ್ರ ಅಲ್ಲಿಗೇ ನಿಲ್ಲುತ್ತದೆ. ಉದ್ದದ ಅರ್ಧಕ್ಕಿಂತ ತುಸು ಗಿಡ್ಡನೆಯ ಪ್ರೋಟೀನ್ ತಯಾರಾಗುತ್ತದೆ. ಊಟದಲ್ಲಿ ತಿಂದ ಎಣ್ಣೆ ಬೆಣ್ಣೆಯನ್ನು ಹೊರಲು ಕರುಳಿಗೆ ಬೇಕಾದದ್ದು ಅದೇ.

"ಅಂದ್ರ ಕರುಳಿನ್ಯಾಗ ಅರ್ಧಕ್ಕಽ ಸಾಲಿ ಬಿಡೂ ಘಂಟಿ ಹೊಡೀತೈತಿ" ಎಂದಳು.

"ನಮ್ಮ ಸಾಲ್ಯಾಗ ಯಾವಾಗ ಹೊಡಿತೈತ್ರಿ ಬಾಯಾರ?" ಎಂದಳು ಮಾಯಕ್ಕ. ತರಗತಿ ನಕ್ಕಿತು. ನಸೀಮಾ ಕೂಡ ನಕ್ಕಳು.

ಆ ನಗು ನನ್ನನ್ನು ಕೆರಳಿಸಿತು. ಎದ್ದು ನಿಂತೆ. "ಇದು ಯಾವ ಪುಸ್ತಕದಾಗ ಐತಿ? ನಮ್ಮ ಪಠ್ಯದಾಗ ಐತೇನು?"

"ಇಲ್ರಿ. ಎಂ.ಎಸ್ಸಿ.ಗೆ ಓದಿದ್ದು. ಪುಸ್ತಕ ಕೊಲ್ಲಾಪುರದ ಲೈಬ್ರರಿದಾಗ ಐತ್ರಿ."

"ಈಗ ನಿಮ್ಮ ಕಡೆ ಐತೇನು?"

"ಇಲ್ರಿ ಸರ್."

"ಇಲ್ಲದ್ದನ್ನ ಹೆಂಗ ಬರಿಸಿದ್ರಿ? ನಾಳೆ ಬೋರ್ಡಿನ ಪೇಪರಿನ್ಯಾಗ ಈ ಹುಡುಗೂರು ನಕಲು ಬದಲಾಗತೈತಿ ಅಂತ ಬರದು ಮಾರ್ಕ್ಸ್ ಕಳಕೊಂಡ್ರ ಜವಾಬ್ದಾರಿ ಯಾರದು? ಒರಸ್ರಿ ಅದನ್ನ."

ಆಕೆ ಒಂದು ಗಳಿಗೆ ನನ್ನ ಮುಖ ನೋಡಿದಳು. ಡಸ್ಟರ್ ಮೇಜಿನ ಮೇಲೇ ಇತ್ತು. ಆಕೆಗೆ ಅದು ಕಾಣಲಿಲ್ಲವೋ ಏನೋ, ಅಂಗೈಯಿಂದಲೇ ಒರೆಸಿದಳು. ಆಮೇಲೆ ನಾನು ವಹಿಗಳನ್ನು ಹಂಚಿಸಿ, ಮಕ್ಕಳಿಗೆ ಅಳತೆಪಟ್ಟಿ ತೆಗೆಯಲು ಹೇಳಿದೆ. ನಲವತ್ತು ಮಕ್ಕಳು ಪಟ್ಟಿ ಇಟ್ಟು, ಪೆನ್ನಿನಿಂದ, ಆ ಸಾಲಿನ ಮೇಲೆ ನೇರ ಗೆರೆ ಹೊಡೆದರು. ಎಲ್ಲರ ಗೆರೆಯನ್ನೂ ನಾನು ಬೆಂಚಿನಿಂದ ಬೆಂಚಿಗೆ ಹೋಗಿ ನೋಡಿದೆ. ಅದು ಮುಗಿಯುವವರೆಗೆ ನಸೀಮಾ ಹಲಗೆಯ ಪಕ್ಕ ನಿಂತೇ ಇದ್ದಳು. ಕೂರಿ ಎಂದು ನಾನು ಹೇಳಲಿಲ್ಲ.

"ಗೆರಿ ಹೊಡದೀನ್ರಿ ಸರ್" ಎಂದಳು ಮಾಯಕ್ಕ, ವಹಿ ಎತ್ತಿ ಹಿಡಿದು. "ಆದ್ರ ಅಕ್ಷರ ಇನ್ನೂ ಕಾಣಸ್ತಾವ್ರಿ."

ಈ ಸಲ ಯಾರೂ ನಗಲಿಲ್ಲ.

ಸೋಮವಾರ ಬೆಳಿಗ್ಗೆ ವರದಿ ಬರೆದು ಲಕೋಟೆಯಲ್ಲಿ ಹಾಕಿ ಪ್ರಿನ್ಸಿಪಾಲರಿಗೆ ಕೊಟ್ಟೆ. ಐದು ಸಾಲು. ಸಮಯಪಾಲನೆ ಉತ್ತಮ. ವರ್ತನೆ ಉತ್ತಮ. ವಿಷಯಜ್ಞಾನದಲ್ಲಿ ನಿಖರತೆ ಸಾಲದು. ಆಧಾರವಿಲ್ಲದ್ದನ್ನು ವಿದ್ಯಾರ್ಥಿಗಳಿಗೆ ಬರೆಸುತ್ತಾರೆ. ಕಾಯಂ ಹುದ್ದೆಗೆ ಶಿಫಾರಸು ಮಾಡಲಾರೆ.

ಇಲ್ಲಿಯವರೆಗಿನದನ್ನು ಅಜ್ಞಾನವೆನ್ನಬಹುದು. ದರ್ಪವೆನ್ನಬಹುದು. ಅಷ್ಟಕ್ಕೇ ನಿಂತಿದ್ದರೆ ನಾನು ಈ ವಯಸ್ಸಿನಲ್ಲಿ ಇದನ್ನು ಬರೆಯುತ್ತಿರಲಿಲ್ಲ.

ಆ ಜನವರಿಯಲ್ಲಿ ಚಳಿಗಾಳಿ ಜೋರಿತ್ತು. ಬಿಳಿಜೋಳ ಹಾಲುಗಾಳಾಗಿ ಮಕ್ಕಳು ಸುಟ್ಟ ಎಳೆತೆನೆಯ ಸೀತನಿ ತಂದು ಸ್ಟಾಫ್ ರೂಮಿನಲ್ಲಿ ಸುರಿಯುತ್ತಿದ್ದರು. ಈದ್ ಮುಗಿದು ನಸೀಮಾ ಶಾವಿಗೆಯ ಸುರಕುಂಬಾ ತಂದಳು. ಮೊದಲ ಬಟ್ಟಲನ್ನು ನನಗೇ ಕೊಟ್ಟಳು. ಅದರ ಮರುದಿನ ಬೋರ್ಡಿನ ಕೆಲಸಕ್ಕೆಂದು ಸಾಂಗಲಿಗೆ ಹೋದೆ. ಅಲ್ಲಿನ ಒಂದು ಕಾಲೇಜಿನಲ್ಲಿ ಸಭೆ ಹನ್ನೆರಡಕ್ಕೆ. ನಾನು ಹನ್ನೊಂದಕ್ಕೇ ತಲುಪಿದ್ದೆ. ಆ ಕಾಲೇಜಿನ ಲೈಬ್ರರಿಯಲ್ಲಿ ಕೂತು, ಆಕೆ ತಪ್ಪೆಂಬುದಕ್ಕೆ ಒಂದು ಆಧಾರ ಸಿಕ್ಕರೆ ಇರಲಿ ಎಂದು ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ತೆರೆದೆ. ಹತ್ತು ನಿಮಿಷ ಹಿಡಿಯಲಿಲ್ಲ. ಅರ್ಧ ಪುಟದ ಚಿತ್ರ. ಎಡಕ್ಕೆ ಯಕೃತ್ತು, ಬಲಕ್ಕೆ ಕರುಳು. ಸಿಎಎ, ಯುಎಎ. ಆಕೆ ಹಲಗೆಯ ಮೇಲೆ ಬರೆದದ್ದೇ. ಅದು ಪತ್ತೆಯಾಗಿ ಹತ್ತು ವರ್ಷದ ಮೇಲಾಗಿತ್ತು. ನಾನು ನನ್ನ ಕಾಲೇಜು ಓದು ಮುಗಿಸಿದ ಮೇಲೆ ಪಠ್ಯಪುಸ್ತಕವಲ್ಲದೆ ಬೇರೇನನ್ನೂ ಓದಿರಲಿಲ್ಲ, ಅಷ್ಟೇ.

ನನ್ನ ಅಭ್ಯಾಸದಂತೆ ಡೈರಿಯಲ್ಲಿ ಪುಸ್ತಕದ ಹೆಸರು, ಪುಟ, ತಾರೀಖು, ಹೊತ್ತು ಎಲ್ಲವನ್ನೂ ಬರೆದುಕೊಂಡೆ. ಕಮಿಟಿ ಕೂಡಲು ಇನ್ನೂ ಎಂಟು ದಿನವಿತ್ತು.

ಊರಿಗೆ ಮರಳುವ ಬಸ್ಸಿನಲ್ಲಿ, ಮರುದಿನ ಪ್ರಾರ್ಥನೆ ಮುಗಿದೊಡನೆ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಲಕೋಟೆ ವಾಪಸು ಕೇಳುವುದೆಂದು ನಿಶ್ಚಯಿಸಿದೆ. ಹೋದೆ ಕೂಡ. ಅವರು ಸೀತನಿ ಬಾಯಿಗೆ ಹಾಕಿಕೊಳ್ಳುತ್ತ "ಬರ್ರಿ ಮಾಸ್ತರ್ರ, ಏನಾರ ಇತ್ತೇನು?" ಎಂದರು.

ಲಕೋಟೆ ಅವರ ಮೇಜಿನ ಮೇಲೆಯೇ ಇತ್ತು. ಅದನ್ನು ಕೇಳಿದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ನಲವತ್ತು ಮಕ್ಕಳ ಮುಂದೆ ನಿಂತು ಆ ಗೆರೆ ನನ್ನ ತಪ್ಪು ಎನ್ನಬೇಕು. ಮಾಯಕ್ಕ ಏನೆನ್ನಬಹುದು ಎಂಬುದೂ ತಲೆಯಲ್ಲಿ ಬಂತು. ಇಪ್ಪತ್ತು ವರ್ಷ ಮಕ್ಕಳ ಒಂದಕ್ಷರದ ತಪ್ಪಿಗೂ ಚುಕ್ಕಿ ಇಟ್ಟವನಿಗೆ ತನ್ನ ತಪ್ಪನ್ನು ಹೇಳುವ ರೂಢಿಯೇ ಇರಲಿಲ್ಲ. ಇವೆಲ್ಲ ನಿಜ. ಆದರೆ ಇವುಗಳ ಅಡಿಯಲ್ಲಿ ಇನ್ನೊಂದಿತ್ತು. ಆಕೆ ಹೋದರೆ ಮಕ್ಕಳು ಮತ್ತೆ ನನ್ನ ಬಾಗಿಲಿಗೆ ಬರುತ್ತಾರೆ ಎಂದು ನನಗೆ ಅನಿಸಿತ್ತು.

"ಏನಿಲ್ರಿ ಸಾಹೇಬ್ರ" ಎಂದೆ. "ಸುಮ್ನ ಬಂದಿದ್ದೆ."

ರಜೆ ಬಿಟ್ಟರೆ ಆ ಎಂಟು ದಿನವೂ ಹತ್ತಕ್ಕೆ ಐದು ನಿಮಿಷವಿರುವಾಗ ಗೇಟು ದಾಟಿದೆ. ಪ್ರತಿ ದಿನವೂ ಆ ಕೋಣೆಯ ಮುಂದಿನಿಂದಲೇ ಹೋದೆ. ಕಮಿಟಿ ಕೂಡಿತು. ನಸೀಮಾಳ ಹೆಸರು ಮುಂದೆ ಹೋಗಲಿಲ್ಲ. ವರ್ಷದ ಕೊನೆಗೆ ಆಕೆಯ ತಾಸುಗಳೂ ಮುಗಿಯುತ್ತವೆಂದು ಪತ್ರ ಬಂತು.

ಏಪ್ರಿಲ್‌ನ ಒಂದು ಮಧ್ಯಾಹ್ನ ಆಕೆ ಲ್ಯಾಬಿನ ಕೀಲಿಕೈ ಒಪ್ಪಿಸಲು ಬಂದಳು. ಹೊರಗೆ ಬಿಸಿಲು, ಕೆಂಧೂಳು. ಜಾಡಿಗಳ ಪಟ್ಟಿಯನ್ನು ನನ್ನ ರೀತಿಯಲ್ಲೇ ಅಚ್ಚುಕಟ್ಟಾಗಿ ಬರೆದು ತಂದಿದ್ದಳು. ಪಟ್ಟಿಯ ಕೆಳಗೆ ಇನ್ನೊಂದು ಹಾಳೆ. ಕೊಲ್ಲಾಪುರದ ಗೆಳತಿಯಿಂದ ಅಂಚೆಯಲ್ಲಿ ತರಿಸಿದ ಝೆರಾಕ್ಸು. ಯಕೃತ್ತು, ಕರುಳು, ಬಾಣದ ಗುರುತು.

"ಸರ್, ಇದನ್ನ ಮುಂದಿನ ವರ್ಷದ ಹುಡುಗೂರಿಗೆ ತೋರಸ್ರಿ" ಎಂದಳು. "ನನ್ನ ಸಲುವಾಗಿ ಅಲ್ಲ. ಹುಡುಗೂರು ತಪ್ಪು ಕಲೀಬಾರದು ನೋಡ್ರಿ."

ನಾನು ಹಾಳೆಯನ್ನು ಮೊದಲ ಸಲ ನೋಡುವವನಂತೆ ನೋಡಿದೆ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದೆ. "ಹೌದಲ್ಲ" ಎಂದೆ.

"ನಿಮ್ಮ ಮ್ಯಾಲ ನನಗ ಸಿಟ್ಟಿಲ್ರಿ ಸರ್. ನಿಮಗ ಗೊತ್ತಿರಲಿಲ್ಲ. ಗೊತ್ತಿದ್ರ ನೀವು ಹಂಗ ಬರೀತಿರಲಿಲ್ಲ. ನೀವು ಅಂಥಾವ್ರಲ್ಲ."

ಆಗ ಬಾಯಿ ಬಿಡಬೇಕಿತ್ತು. ಡೈರಿ ನನ್ನ ಮೇಜಿನ ಖಾನೆಯಲ್ಲೇ ಇತ್ತು. ನಾನು ಪಟ್ಟಿಯ ಮೇಲೆ ಸಹಿ ಮಾಡಿ, ತಾರೀಖು ಹಾಕಿ, "ಚಲೋ ಆಗಲಿ" ಎಂದು ಹರಸಿ ಕಳಿಸಿದೆ. ಆಕೆ ಬಾಗಿ ನಮಸ್ಕಾರ ಮಾಡಿ ಹೋದಳು.

ಮುಂದಿನ ವರ್ಷ ಟಿಪ್ಪಣಿಯ ವಹಿಯಲ್ಲಿ ಆ ಸಾಲನ್ನು ಸೇರಿಸಿದೆ. ಕರುಳಿನ ಜೀವಕೋಶ, ಒಂದು ಅಕ್ಷರ, ಅರ್ಧಕ್ಕೆ ಹೊಡೆಯುವ ಘಂಟೆ ಕೂಡ. ಮಕ್ಕಳು ನಕ್ಕರು, ನೆನಪಿಟ್ಟರು. ಯಾರು ಮೊದಲು ಹೇಳಿದ್ದೆಂದು ನಾನು ಹೇಳಲಿಲ್ಲ. ಎರಡು ಸಾವಿರದ ಮೂರರಲ್ಲಿ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಈ ಪಾಠ ಕೇಳಿ, ಈ ಭಾಗದಲ್ಲಿ ಇಷ್ಟು ಹೊಸದನ್ನು ಓದಿಕೊಂಡ ಶಿಕ್ಷಕರಿದ್ದಾರೆಂದು ಎಲ್ಲರೆದುರು ಹೊಗಳಿದರು. ನನ್ನ ಕಿವಿ ಕಾದವು. ಆದರೂ ಶಾಲು ಹೊದಿಸಿಕೊಂಡೆ. ಮರುವರ್ಷ ನಿವೃತ್ತನಾದೆ.

ಮಿರಜದಿಂದ ಬಂದ ಮೇಲೆ, ವರದಿ ಕೈಗೆ ಸಿಗುವ ಮೊದಲೇ, ಒಂದು ದಿನ ಬೆಳಗಿನ ಬಸ್ಸಿಗೆ ಜತ್ತಕ್ಕೆ ಹೋದೆ. ನಸೀಮಾ ಈಗ ಬಜಾರಿನ ಬಳೆ ಅಂಗಡಿಯನ್ನೇ ನಡೆಸುತ್ತಾಳೆ, ಬೆಳಿಗ್ಗೆ ಮನೆಯಲ್ಲಿ ಹತ್ತನೆಯ ಮಕ್ಕಳಿಗೆ ಪಾಠ ಹೇಳುತ್ತಾಳೆ ಎಂದು ಕೇಳಿದ್ದೆ. ಹೇಳಬೇಕಾದದ್ದನ್ನು ಮೂರು ವಾಕ್ಯ ಮಾಡಿಕೊಂಡಿದ್ದೆ. ದಾರಿಯುದ್ದಕ್ಕೂ ಒಪ್ಪಿಸಿಕೊಂಡಿದ್ದೆ.

ನೋಡಿದೊಡನೆ ಗುರುತು ಹಿಡಿದಳು. "ಬರ್ರಿ ಸರ್, ಬರ್ರಿ, ಕುಂದ್ರಿ. ದಾರಿ ತಪ್ಪಿ ಬಂದ್ರೇನು? ಮನ್ಯಾಗ ಬಾಯಾರಿಗೆ ಬಳಿ ಬೇಕಂತೇನ್ರಿ?" ಎಂದು ಸ್ಟೂಲು ಒರೆಸಿ ಕೊಟ್ಟಳು. ಕಿವಿಯ ಬಳಿ ಒಂದೆರಡು ಕೂದಲು ಬೆಳ್ಳಗಾಗಿದ್ದವು. ಅಪ್ಪ ತೀರಿ ನಾಲ್ಕು ವರ್ಷವಾಯಿತು ಎಂದಳು.

ಮೊದಲ ವಾಕ್ಯ ಹೇಳಿದೆ. ಆಕೆಯ ಸಾಲು ಸರಿ ಎಂದು ನನಗೆ ಸಾಂಗಲಿಯಲ್ಲಿ ಗೊತ್ತಾಗಿತ್ತು, ಆದರೂ ಸುಮ್ಮನಿದ್ದೆ ಎಂದು. ಎರಡನೆಯದನ್ನೂ ಹೇಳಿದೆ. ಆಮೇಲೆ ಐದು ವರ್ಷ ಅದನ್ನು ನನ್ನದೆಂಬಂತೆ ಕಲಿಸಿ ಹೊಗಳಿಸಿಕೊಂಡೆ ಎಂದು.

ಆಕೆ ಹಸಿರು ಬಳೆಗಳನ್ನು ದಾರಕ್ಕೆ ಪೋಣಿಸುತ್ತಿದ್ದಳು. ಎರಡನೆಯ ಮಾತು ಆಕೆಗೆ ತಟ್ಟಲೇ ಇಲ್ಲ. "ಕಮಿಟಿ ಕೂಡೂದಕ್ಕ ಮೊದಲೋ, ಆಮ್ಯಾಲೋ?" ಎಂದಳು.

"ಮೊದಲ."

"ಎಷ್ಟು ದಿನ ಮೊದಲ?"

"ಎಂಟು."

ಬಳೆಗಳನ್ನು ಕೆಳಗಿಟ್ಟಳು. ಆಮೇಲೆ ಮೆಲ್ಲಗೆ, ನನಗಲ್ಲ ಎಂಬಂತೆ ಹೇಳಿದಳು: "ನಮ್ಮ ಅಬ್ಬಾ ಸಾಯೂತನಕ ನಿಮಗ ಒಂದು ಕೆಟ್ಟ ಮಾತು ಆಡಾಕ ಬಿಟ್ಟಿಲ್ರಿ ನಾ. ಬೈಯಾಕ ಬಂದ್ರ ಬಾಯಿ ಮುಚ್ಚಸ್ತಿದ್ದೆ. ಸರ್ ಗೊತ್ತಿಲ್ಲದ ಬರದಾರ, ಮನಶ್ಯಾ ಸಚ್ಚಾ ಅದಾರ ಅಂತಿದ್ದೆ. ಅವರು ನಂಬಿ ಹೋದ್ರು. ಈಗ ಅವರಿಗೆ ಹೆಂಗ ಹೇಳ್ಲಿ?"

ಮದುವೆಯ ಬಳೆಗೆಂದು ಮೂವರು ಹೆಂಗಸರು ಅಂಗಡಿ ಹತ್ತಿದರು. ನಸೀಮಾ ಎದ್ದು ಅವರ ಕಡೆ ಹೋದಳು. ಹುಡುಗಿಯ ಕೈ ಹಿಡಿದು, ಬೆರಳು ಕೂಡಿಸಿ ಒತ್ತಿ, ಅಳತೆ ನೋಡತೊಡಗಿದಳು.

ಮೂರನೆಯ ವಾಕ್ಯ ಉಳಿದಿತ್ತು. ಕ್ಷಮಿಸು ಎಂಬುದು. ನಾನು ಕೇಳಿದರೆ ಆಕೆ ಅಷ್ಟು ಗಿರಾಕಿಗಳ ಮುಂದೆಯೂ "ಇರ್ಲಿ ಬಿಡ್ರಿ ಸರ್" ಎಂದುಬಿಡುತ್ತಾಳೆ, ಹಿರಿಯನೆಂದು, ಒಂದು ಕಾಲದ ಮುಖ್ಯಸ್ಥನೆಂದು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಹೇಳದೆ ಮೆಟ್ಟಿಲಿಳಿದು ಚಪ್ಪಲಿ ಮೆಟ್ಟಿಕೊಂಡೆ.